ಫೇರ್ ರೆಕಾರ್ಡು, ರಫ್ ರೆಕಾರ್ಡು

ಡಿಗ್ರಿ ಮುಗಿದ ಮೇಲೆ ನಿಮ್ಮ ನೋಟ್ಸು, ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡುಗಳನ್ನೆಲ್ಲ ಏನು ಮಾಡಿದ್ರಿ? ಆಫೀಸಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಈ ಪ್ರಶ್ನೆ ಒಂದ್ಸಲ ಕೇಳಿ ನೋಡಿ. ರದ್ದಿಗೆ ಹಾಕಿದೆ ಅಂತಾರೆ. ಜೂನಿಯರ್‌ಗೆ ಕೊಟ್ಟೆ, ಅವನು ಏನು ಮಾಡಿದನೋ ಗೊತ್ತಿಲ್ಲ ಅಂತಾರೆ. ಹಾಸ್ಟೆಲ್ ಮಂಚದ ಕೆಳಗೇ ಬಿಟ್ಟು ಬಂದವರಿದ್ದಾರೆ. ಊರಲ್ಲಿ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ ಅನ್ನೋರು ನನ್ನಂಥವರು. ಯಾರ ದನಿಯಲ್ಲೂ ಏನನ್ನೋ ಕಳ್ಕೊಂಡ ಬೇಜಾರಿರಲ್ಲ. ಅದೇ ಮಾರ್ಕ್ಸ್ ಕಾರ್ಡ್ ಎಲ್ಲಿದೆ ಅಂತ ಕೇಳಿ. ಎಂಟೂ ಸೆಮಿಸ್ಟರಿನದು ಪ್ಲಾಸ್ಟಿಕ್ ಫೈಲಿನಲ್ಲಿ, ಫೈಲು ಬೀರುವಿನಲ್ಲಿ, ಸ್ಕ್ಯಾನ್ ಮಾಡಿದ ಪ್ರತಿ ಮೇಲ್‌ನಲ್ಲಿ, ಇನ್ನೊಂದು ಸೆಟ್ ಜೆರಾಕ್ಸ್ ಅಪ್ಪನ ಹತ್ರ.

ಮಾರ್ಕ್ಸ್ ಕಾರ್ಡ್ ಅಂದ್ರೆ ನನ್ನ ಕೆಲಸದ ಬಗ್ಗೆ ಬೇರೆ ಯಾರೋ ಹೇಳಿದ ಮಾತು. ನಾನು ಮಾಡಿದ ಕೆಲಸ ಅದಲ್ಲ. ಆ ಮಾತನ್ನ ನಾಲ್ಕು ಕಡೆ ಜೋಪಾನ ಮಾಡ್ತೀವಿ, ಕೆಲಸವನ್ನ ಕೆಜಿ ಲೆಕ್ಕದಲ್ಲಿ ಮಾರ್ತೀವಿ. ಇದು ಸರಿನಾ? ಹಳೇ ನೋಟ್‌ಬುಕ್ ಮುಟ್ಟಿ ಕಣ್ಣೀರು ಹಾಕೋ ಪೈಕಿ ನಾನಲ್ಲ. ನೆನಪಿನ ಸಿಹಿಗಾಗಿ ಇಡಬೇಕು ಅಂತಲೂ ಹೇಳ್ತಿಲ್ಲ. ನಾನು ಕೇಳ್ತಿರೋದು ಇಷ್ಟೇ. ಕಲಿಯುವಾಗ ನಾವು ಬರೆದದ್ದರ ಪ್ರತಿ ಇಟ್ಟುಕೊಳ್ಳೋಕೆ ಏನಾದರೂ ಕಾರಣ ಇದೆಯಾ? ಇದ್ದರೆ ಯಾವುದನ್ನ ಇಡಬೇಕು? ನಾಳೆ ಯಾರಾದರೂ ಬಂದು ಕೇಳಿದರೆ ಕೊಡಬೇಕಾ?

ನಾವು ಇಡದಿದ್ದರೆ ಇನ್ಯಾರೋ ಇಡ್ತಾರೆ ಅನ್ನೋ ಭ್ರಮೆ ಮೊದಲು ಬಿಡಬೇಕು. ಪರೀಕ್ಷೆಯಲ್ಲಿ ಬರೆದ ಉತ್ತರ ಪತ್ರಿಕೆಯನ್ನೇ ತಗೊಳ್ಳಿ. ಕೈಬರಹ ನಮ್ಮದು, ಬೆವರು ನಮ್ಮದು. 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಕುರಿತ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೌಲ್ಯಮಾಪನ ಆದ ಉತ್ತರ ಪತ್ರಿಕೆಯೂ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ, ಬರೆದ ವಿದ್ಯಾರ್ಥಿ ಅದನ್ನ ನೋಡಬಹುದು, ಪ್ರತಿ ಪಡೆಯಬಹುದು ಅಂತ ಹೇಳಿತು. ದೊಡ್ಡ ಮಾತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಪರೀಕ್ಷೆ ನಡೆಸೋ ಸಂಸ್ಥೆ ಆ ಪತ್ರಿಕೆಯನ್ನ ಎಷ್ಟು ಕಾಲ ಇಟ್ಟುಕೊಂಡಿರಬೇಕೋ ಅಷ್ಟು ಕಾಲ ಮಾತ್ರ ಈ ಹಕ್ಕು. ಆಮೇಲೆ ಪತ್ರಿಕೆಯೂ ಇಲ್ಲ, ಹಕ್ಕೂ ಇಲ್ಲ. ಅಂಕ ಮಾತ್ರ ಶಾಶ್ವತ.

ಸರಿ, ಕಾಲೇಜು ಹೋಗಲಿ, ಈಗ ನಮ್ಮ ಕಸುಬಿಗೆ ಬರೋಣ. ನಾನು ಹನ್ನೆರಡು ವರ್ಷದಿಂದ ಕೋಡ್ ಬರೀತಿದ್ದೀನಿ, ಮೂರು ಕಂಪನಿಯಲ್ಲಿ. ಅದರಲ್ಲಿ ಒಂದೇ ಒಂದು ಸಾಲೂ ನನ್ನ ಹತ್ತಿರ ಇಲ್ಲ. ಇರೋ ಹಾಗೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮು ಕೂಡ ಒಂದು ಸಾಹಿತ್ಯ ಕೃತಿ. ಆ ಲೆಕ್ಕದಲ್ಲಿ ನಾವೆಲ್ಲ ಸಾಹಿತಿಗಳೇ, ಖುಷಿಪಡಿ. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್ ಓದಿದರೆ ಖುಷಿ ಇಳಿಯುತ್ತೆ: ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಗೆ ಮೊದಲ ಒಡೆಯ ನೌಕರಿ ಕೊಟ್ಟವರು. ಕೊನೇ ದಿನ ಲ್ಯಾಪ್‌ಟಾಪನ್ನ ಐಟಿ ಟೀಮಿನ ಟೇಬಲ್ ಮೇಲಿಟ್ಟು, ಐಡಿ ಕಾರ್ಡ್ ಕೊಟ್ಟು, ಗೇಟ್ ದಾಟಿ ಬರ್ತೀವಲ್ಲ, ಆಗ ಕೈ ಪೂರ್ತಿ ಖಾಲಿ. ಅದು ಅನ್ಯಾಯ ಅಂತ ಹೇಳಲ್ಲ, ತಿಂಗಳು ತಿಂಗಳು ಸಂಬಳ ಎಣಿಸ್ಕೊಂಡಿದ್ದೀವಿ.

ವಿದ್ಯಾರ್ಥಿ ಯಾರ ನೌಕರನೂ ಅಲ್ಲ. ಅವನು ಬರೆದ ಪ್ರಬಂಧ, ಬಿಡಿಸಿದ ಲೆಕ್ಕ, ಬರೆದ ಪ್ರೋಗ್ರಾಮು ಅವನದೇ. ಹಾಗಾಗಿ ಮೂರನೇ ಸೆಮಿಸ್ಟರಿನಲ್ಲಿ ಟರ್ಬೋ ಸಿ-ಯ ಆ ನೀಲಿ ಪರದೆ ಮೇಲೆ ಕುಟ್ಟಿದ ಸ್ಟಾಕ್ ಪ್ರೋಗ್ರಾಮು, ವೇರಿಯಬಲ್‌ಗಳಿಗೆ ಎ, ಎಎ, ಟೆಂಪ್, ಟೆಂಪ್1 ಅಂತ ಹೆಸರಿಟ್ಟ ಆ ದರಿದ್ರ ಪ್ರೋಗ್ರಾಮು ಇದೆಯಲ್ಲ, ನನ್ನ ಇಡೀ ವೃತ್ತಿಯಲ್ಲಿ ಕಾನೂನು ಪ್ರಕಾರ ನನ್ನದು ಅಂತ ಹೇಳಬಹುದಾದ ಕೋಡು ಬಹುಶಃ ಅದೊಂದೇ. ನಾನು ಈಗ ಬರೆಯೋದೆಲ್ಲ ಅದಕ್ಕಿಂತ ನೂರು ಪಟ್ಟು ಚೆನ್ನಾಗಿದೆ. ಅದ್ಯಾವುದೂ ನನ್ನದಲ್ಲ.

ಈ ಒಂದು ಕಾರಣಕ್ಕಾದರೂ ಇಟ್ಟುಕೊಳ್ಳಬೇಕು ಅನ್ಸುತ್ತೆ. ಆದರೆ ಯಾವ ಪ್ರತಿಯನ್ನ?

ಇಂಜಿನಿಯರಿಂಗ್ ಓದದವರಿಗೆ ಒಂದು ಮಾತು ವಿವರಿಸಬೇಕು. ನಮ್ಮ ಲ್ಯಾಬುಗಳಲ್ಲಿ ಎರಡು ಪುಸ್ತಕ ಇರ್ತವೆ. ಒಂದು ಅಬ್ಸರ್ವೇಷನ್ ಬುಕ್ಕು, ನಾವು ರಫ್ ರೆಕಾರ್ಡು ಅಂತಿದ್ವಿ. ಇನ್ನೊಂದು ಫೇರ್ ರೆಕಾರ್ಡು. ರಫ್ಫಿನಲ್ಲಿ ಆವತ್ತು ಲ್ಯಾಬಲ್ಲಿ ಏನಾಯ್ತೋ ಅದು ಇರುತ್ತೆ: ಮೊದಲು ಬರೆದದ್ದು, ಅದು ಓಡದೆ ಹೊಡೆದು ಹಾಕಿದ್ದು, ಪಕ್ಕದ ಬೆಂಚಿನವನು ಹೇಳಿಕೊಟ್ಟದ್ದು, ಪೆನ್ನು ಮುಗಿದು ಪೆನ್ಸಿಲ್ಲಿಗೆ ಬದಲಾದದ್ದು, ಮೂಲೆಯಲ್ಲಿ ಊಟದ ದುಡ್ಡಿನ ಲೆಕ್ಕ. ಫೇರ್ ರೆಕಾರ್ಡಿನಲ್ಲಿ ಇದ್ಯಾವುದೂ ಇರಲ್ಲ. ಬ್ರೌನ್ ಪೇಪರ್ ಹಾಕಿ, ಲೇಬಲ್ ಅಂಟಿಸಿ, ಅಂಕೆ ಹಾಕಿ, ಸಾಲು ಎಳೆದು ಬರೆದ ಅದರಲ್ಲಿ ಪ್ರತಿ ಪ್ರೋಗ್ರಾಮೂ ಮೊದಲ ಏಟಿಗೇ ಓಡಿರುತ್ತೆ. ಪ್ರತಿ ಪ್ರಯೋಗದ ಉತ್ತರವೂ ಪುಸ್ತಕದಲ್ಲಿರೋ ಉತ್ತರವೇ. ಅದನ್ನ ಸೀನಿಯರ್ ರೆಕಾರ್ಡು ಮುಂದಿಟ್ಟುಕೊಂಡೇ ಬರೆಯೋದು, ಅವನು ಅವನ ಸೀನಿಯರ್‌ದು ಇಟ್ಟುಕೊಂಡೇ ಬರೆದಿರ್ತಾನೆ ಅನ್ನೋದು ಕಾಲೇಜಿಗೆಲ್ಲ ಗೊತ್ತು. ಸಹಿ ಬೀಳೋದು ಅದಕ್ಕೇ. ಸರ್ಟಿಫಿಕೇಟ್ ಪುಟ ಇರೋದೂ ಅದರಲ್ಲೇ. ಅದನ್ನ ನೋಡಿಯೇ ಎಕ್ಸ್‌ಟರ್ನಲ್ ವೈವಾ ಮಾಡೋದು.

ಮುಗಿದ ಮೇಲೆ ಯಾರಾದರೂ ಏನಾದರೂ ಇಟ್ಟುಕೊಂಡರೆ ಇಟ್ಟುಕೊಳ್ಳೋದೂ ಫೇರ್ ರೆಕಾರ್ಡನ್ನೇ. ಚೆಂದ ಇದೆಯಲ್ಲ. ರಫ್ಫು ಮೊದಲ ದಿನವೇ ರದ್ದಿಗೆ. ನನಗನ್ಸೋ ಪ್ರಕಾರ ಇದು ತಲೆಕೆಳಗು. ಫೇರ್ ರೆಕಾರ್ಡಿನಲ್ಲಿ ಇರೋದು ಯಾರದೂ ಅಲ್ಲ. ಅದು ಎಲ್ಲ ಕಡೆ ಇದೆ, ಅದೇ ಪ್ರೋಗ್ರಾಮು, ಅದೇ ಔಟ್‌ಪುಟ್ಟು. ಅದರ ನನ್ನ ಪ್ರತಿ ಕಳೆದರೆ ಜಗತ್ತಿಗೆ ಏನೂ ನಷ್ಟ ಇಲ್ಲ, ನನಗೂ ಇಲ್ಲ. ರಫ್ಫಿನ ಪ್ರತಿ ಒಂದೇ ಇರೋದು. ಒಬ್ಬ ಮನುಷ್ಯನಿಗೆ ಒಂದು ವಿಷಯ ಗೊತ್ತಿಲ್ಲದ ಸ್ಥಿತಿಯಿಂದ ಗೊತ್ತಾದ ಸ್ಥಿತಿಗೆ ಹೋದದ್ದರ ಗುರುತು ಅದು.

ಈ ವ್ಯತ್ಯಾಸದ ಬೆಲೆ ಎಷ್ಟು ಅಂತ ತಿಳೀಬೇಕಾದರೆ ರಾಮಾನುಜನ್ ನೋಟ್‌ಬುಕ್ಕುಗಳನ್ನ ನೋಡಬೇಕು. ಕುಂಭಕೋಣಂನ ಕಾಲೇಜಿನಲ್ಲಿ ಗಣಿತ ಬಿಟ್ಟು ಬೇರೆ ವಿಷಯದಲ್ಲಿ ಪಾಸಾಗದೆ ಸ್ಕಾಲರ್‌ಶಿಪ್ ಕಳೆದುಕೊಂಡ ಹುಡುಗ. ಕಾಗದ ಕೊಳ್ಳೋ ಶಕ್ತಿ ಇರಲಿಲ್ಲ, ಹಾಗಾಗಿ ಲೆಕ್ಕವನ್ನೆಲ್ಲ ಸ್ಲೇಟಿನ ಮೇಲೆ ಮಾಡಿ, ಮೊಣಕೈಯಲ್ಲಿ ಒರೆಸಿ, ಕೊನೆಗೆ ಸಿಕ್ಕ ಫಲಿತಾಂಶವನ್ನ ಮಾತ್ರ ನೋಟ್‌ಬುಕ್ಕಿಗೆ ಇಳಿಸ್ತಿದ್ದರು. ಅಂದರೆ ಅವರು ನಮಗೆ ಬಿಟ್ಟು ಹೋದದ್ದು ಫೇರ್ ರೆಕಾರ್ಡು. ರಫ್ಫು ಸ್ಲೇಟಿನ ಜೊತೆ ಹೋಯ್ತು. ಅವರು 1920ರಲ್ಲಿ ತೀರಿಕೊಂಡರು. ಆ ನೋಟ್‌ಬುಕ್ಕುಗಳಲ್ಲಿರೋ ಮೂರು ಸಾವಿರಕ್ಕೂ ಹೆಚ್ಚು ಫಲಿತಾಂಶಗಳಿಗೆ ಸಾಧನೆ ಹುಡುಕಿ ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್‌ಟ್ ಐದು ಸಂಪುಟ ತಂದರು. ಮೊದಲನೆಯದು 1985ರಲ್ಲಿ, ಕೊನೆಯದು 1998ರಲ್ಲಿ. ಒರೆಸಿದ ಸ್ಲೇಟನ್ನ ಮತ್ತೆ ಬರೆಯೋಕೆ ಅಷ್ಟು ವರ್ಷ, ಅಷ್ಟು ಜನ. ಫಲಿತಾಂಶ ಸರಿ ಇತ್ತು, ದಾರಿ ಇರಲಿಲ್ಲ. ಅವರು ಆ ದಾರಿಯನ್ನ ಹೇಗೆ ಯೋಚಿಸಿದರು ಅನ್ನೋದು ಇವತ್ತಿಗೂ ಊಹೆಯೇ.

ನಮ್ಮ ಸ್ಟಾಕ್ ಪ್ರೋಗ್ರಾಮಿಗೆ ರಾಮಾನುಜನ್ ಯಾಕೆ ಎಳೆದು ತರ್ತೀಯ ಅಂತ ನಗಬೇಡಿ. ನಮ್ಮ ಕಸುಬು ಇದೇ ಪಾಠವನ್ನ ಬೇರೆ ದಾರಿಯಲ್ಲಿ ಕಲಿತಿದೆ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಗಿಟ್ ಬರೆದರಲ್ಲ, ಅದು ಇಡೋದು ಕೊನೆಯ ಕೋಡನ್ನ ಮಾತ್ರ ಅಲ್ಲ. ಯಾರು, ಯಾವತ್ತು, ಏನು ಬದಲಿಸಿದರು, ಏನಂದುಕೊಂಡು ಬದಲಿಸಿದರು ಅನ್ನೋದನ್ನೂ ಇಡುತ್ತೆ. ಪ್ರೊಡಕ್ಷನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಏನೋ ಬಿದ್ದಾಗ ನಾವು ಹುಡುಕೋದು ಫೇರ್ ರೆಕಾರ್ಡನ್ನಲ್ಲ, ಹಿಂದಿನ ಮಂಗಳವಾರ ಯಾರು ಏನು ಮುಟ್ಟಿದರು ಅನ್ನೋದನ್ನ. ಆಫೀಸಲ್ಲಿ ಇಷ್ಟು ಶ್ರದ್ಧೆಯಿಂದ ಮಾಡೋದನ್ನ ನಮ್ಮ ಸ್ವಂತ ಕಲಿಕೆಗೆ ಮಾಡಲ್ಲ.

ಇಲ್ಲಿವರೆಗೆ ಸುಲಭ. ಕಷ್ಟ ಇರೋದು ಕೊಡೋ ಪ್ರಶ್ನೆಯಲ್ಲಿ.

ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ: ಪ್ರತಿ ಮತ್ತು ನಕಲು. ಎರಡೂ ಒಂದೇ ಅರ್ಥದವು ಅಂತ ನಿಘಂಟು ಹೇಳಬಹುದು, ಕಿವಿ ಒಪ್ಪಲ್ಲ. ತಾಲ್ಲೂಕು ಆಫೀಸಲ್ಲಿ ನಕಲು ಅಂದರೆ ಮರ್ಯಾದಸ್ಥ ಪದ, ಅರ್ಜಿ ಹಾಕಿ ಶುಲ್ಕ ಕಟ್ಟಿ ಪಡೆಯೋದು. ಪರೀಕ್ಷಾ ಕೊಠಡಿಯಲ್ಲಿ ನಕಲು ಅಂದರೆ ಡಿಬಾರು. ಪ್ರತಿಗೆ ಆ ಕಳಂಕ ಇಲ್ಲ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ. ಅಚ್ಚುಮೊಳೆ ಇಲ್ಲದ ಕಾಲ, ಒಂದೊಂದನ್ನೂ ತಾಳೆಗರಿಯ ಮೇಲೆ ಯಾರೋ ಕೂತು ಕೊರೆದಿರಬೇಕು. ಅದನ್ನ ಯಾರೂ ನಕಲು ಅನ್ನಲ್ಲ. ದಾನ ಅಂತಾರೆ. (ಹಳೇ ಹಸ್ತಪ್ರತಿಗಳ ಕೊನೆಯಲ್ಲಿ ಎಷ್ಟೋ ಲಿಪಿಕಾರರು, ಕಂಡದ್ದನ್ನ ಕಂಡ ಹಾಗೆ ಇಳಿಸಿದ್ದೀನಿ, ತಪ್ಪಿದ್ದರೆ ಹೊಣೆ ನನ್ನದಲ್ಲ ಅನ್ನೋ ಧಾಟಿಯಲ್ಲಿ ಬರೆದಿಡ್ತಿದ್ದರಂತೆ. ನಮ್ಮ ಲ್ಯಾಬ್ ರೆಕಾರ್ಡಿಗೂ ಒಂದು ಅಂಥ ಪುಟ ಇರಬೇಕಿತ್ತು.)

ಹಾಗಾದರೆ ಪ್ರತಿ ಎಲ್ಲಿ ನಕಲಾಗುತ್ತೆ? ಬಡತನ ನೋಡದವರು ಇದಕ್ಕೆ ಬೇಗ ಉತ್ತರ ಹೇಳಿಬಿಡ್ತಾರೆ: ಸ್ವಂತ ಬರೆದರೆ ಸರಿ, ನೋಡಿ ಬರೆದರೆ ತಪ್ಪು. ನಮ್ಮಂಥವರಿಗೆ ಅಷ್ಟು ಸಲೀಸಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಮುಳುಗಿ ಎದ್ದು, ಸಿಇಟಿ ಬರೆದು, ಬೆಳಗಾವಿಯ ವಿಟಿಯುಗೆ ಸೇರಿದ ಯಾವುದೋ ಒಂದು ಕಾಲೇಜಲ್ಲಿ ಸೀಟು ಸಿಕ್ಕಾಗ, ಒಂದು ಸೆಮಿಸ್ಟರಿಗೆ ಆರು ಥಿಯರಿ, ಎರಡು ಲ್ಯಾಬು. ಪುಸ್ತಕಗಳ ಬೆಲೆ ನೋಡಿದರೆ ಒಂದು ಸಬ್ಜೆಕ್ಟಿನದಕ್ಕೆ ನಮ್ಮನೆಯ ವಾರದ ಖರ್ಚು. ಲೈಬ್ರರಿಯಲ್ಲಿ ಇದ್ದ ಎರಡು ಪ್ರತಿ ಯಾವಾಗಲೂ ಬೇರೆಯವರ ಹೆಸರಲ್ಲಿ. ನಮ್ಮನ್ನ ಓದಿಸಿದ್ದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ. ಕ್ಲಾಸಿನ ಒಬ್ಬ ಹುಡುಗಿ ಚೆಂದವಾಗಿ ನೋಟ್ಸ್ ಬರೀತಿದ್ದಳು. ಅದು ಅಂಗಡಿಗೆ ಹೋಗಿ, ಸ್ಪೈರಲ್ ಬೈಂಡಿಂಗ್ ಆಗಿ, ಮೂರು ಬ್ಯಾಚಿನವರೆಗೆ ಓಡಾಡಿತು. ಜೆರಾಕ್ಸಿನ ಜೆರಾಕ್ಸಿನಲ್ಲಿ ಮೊದಲ ಪುಟದ ಮೇಲಿದ್ದ ಅವಳ ಹೆಸರು ಕತ್ತರಿಸಿ ಹೋಗಿತ್ತು. ಅವಳ ನೋಟ್ಸಿನಿಂದ ಪಾಸಾದ ಎಷ್ಟೋ ಹುಡುಗರಿಗೆ ಅದು ಯಾರ ಅಕ್ಷರ ಅಂತಲೇ ಗೊತ್ತಿಲ್ಲ. ಕಳ್ಳತನ ಅಂತ ಯಾವುದನ್ನಾದರೂ ಕರೆಯಬೇಕಾದರೆ ನಾನು ಈ ಹೆಸರು ಹೋದದ್ದನ್ನ ಕರೀತೀನಿ, ಜೆರಾಕ್ಸ್ ಮಾಡಿದ್ದನ್ನಲ್ಲ.

ಈ ಜಗಳ ಕೋರ್ಟಿನವರೆಗೂ ಹೋಗಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಸೇರಿ, ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಅನ್ನೋ ಪುಟ್ಟ ಅಂಗಡಿಯ ಮೇಲೆ, ವಿಶ್ವವಿದ್ಯಾಲಯದ ಮೇಲೆ ದಾವೆ ಹಾಕಿದರು. ತಪ್ಪೇನು? ಪಠ್ಯಕ್ಕೆ ಬೇಕಾದ ಪುಸ್ತಕಗಳ ಅಧ್ಯಾಯಗಳನ್ನ ಜೆರಾಕ್ಸ್ ಮಾಡಿ ಕೋರ್ಸ್ ಪ್ಯಾಕ್ ಅಂತ ಮಾರ್ತಿದ್ದದ್ದು. 2016ರ ಸೆಪ್ಟೆಂಬರಿನಲ್ಲಿ ದಿಲ್ಲಿ ಹೈಕೋರ್ಟು ಅಂಗಡಿಯ ಪರ ತೀರ್ಪು ಕೊಟ್ಟಿತು. ಪಾಠದ ಭಾಗವಾಗಿ ಮಾಡೋ ಪ್ರತಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ ಅನ್ನೋದು ಒಂದು ವಾದ. ನನಗೆ ಹಿಡಿಸಿದ್ದು ಇನ್ನೊಂದು: ವಿದ್ಯಾರ್ಥಿ ಲೈಬ್ರರಿಯಲ್ಲಿ ಕೂತು ಕೈಯಲ್ಲಿ ಬರೆದುಕೊಂಡರೆ ತಪ್ಪಲ್ಲ ಅಂದಮೇಲೆ, ಅದೇ ಕೆಲಸವನ್ನ ಯಂತ್ರದಲ್ಲಿ ಮಾಡಿಸಿಕೊಂಡರೆ ಹೇಗೆ ತಪ್ಪಾಗುತ್ತೆ? ಡಿಸೆಂಬರಿನಲ್ಲಿ ಮೇಲ್ಮನವಿ ಪೀಠ ಈ ಪ್ರಕರಣದ ಕೆಲವು ಅಂಶಗಳನ್ನ ಮತ್ತೆ ವಿಚಾರಣೆಗೆ ಕಳಿಸಿತು, ಆದರೆ ಪಾಠಕ್ಕೆ ಪ್ರತಿ ಮಾಡಬಹುದು ಅನ್ನೋ ತತ್ವ ಉಳೀತು. 2017ರಲ್ಲಿ ಪ್ರಕಾಶಕರೇ ದಾವೆ ವಾಪಸ್ ತಗೊಂಡರು.

ಆದ್ದರಿಂದ ಕೊಡಬೇಕಾ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಜೆರಾಕ್ಸಿನಿಂದ ಓದಿ ಬಂದವನು, ತನ್ನ ಹತ್ತಿರ ಇರೋದನ್ನ ಮುಚ್ಚಿಟ್ಟುಕೊಂಡು ಹುಡುಗರಿಗೆ ಸ್ವಂತಿಕೆಯ ಪಾಠ ಹೇಳೋದು ಅಸಹ್ಯ. ಅನುಮಾನ ಇರೋದು ಏನನ್ನ ಕೊಡಬೇಕು ಅನ್ನೋದರಲ್ಲಿ.

ಹೋದ ವರ್ಷ ನಮ್ಮೂರಿನ ಹುಡುಗನೊಬ್ಬ ಫೋನ್ ಮಾಡಿದ. ಮೂರನೇ ಸೆಮಿಸ್ಟರು, ಕಂಪ್ಯೂಟರ್ ಸೈನ್ಸು. ಅವರಪ್ಪ ತೆಂಗಿನಕಾಯಿ ಕೀಳೋಕೆ ಹೋಗೋರು. ಹುಡುಗ ದಿನಾ ಬಸ್ಸಲ್ಲೇ ಮೂರು ಗಂಟೆ ಕಳೀತಾನೆ.

"ಅಣ್ಣಾ, ನಿಮ್ಮತ್ರ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ರೆಕಾರ್ಡ್ ಐತಂತಲ್ಲ, ಫೋಟೋ ಹೊಡ್ದು ಕಳ್ಸಣ್ಣಾ. ಸೋಮವಾರ ಸಬ್ಮಿಶನ್ನು."

"ಹಳೇ ಸಿಲಬಸ್ಸು ಕಣೋ ಅದು. ಈಗ ನೆಟ್ಟಲ್ಲಿ ಎಲ್ಲಾ ಸಿಗುತ್ತಲ್ಲ, ಚಾಟ್‌ಜಿಪಿಟಿ ಕೇಳಿದ್ರೆ ನಿಮಿಷದಲ್ಲಿ ಬರ್ಕೊಡುತ್ತೆ."

"ಬರ್ಕೊಡ್ತದೆ ಅಣ್ಣಾ, ನಮ್ ಸಾರಿಗೆ ಅದು ಆಗಲ್ಲ. ಅಲ್ಗಾರಿದಮ್ಮು ಎಡಗಡೆ ಪುಟದಲ್ಲಿ ಪೆನ್ಸಿಲ್ಲಲ್ಲೇ ಇರ್ಬೇಕು, ಪ್ರೋಗ್ರಾಮು ಬಲಗಡೆ."

ಉತ್ತರ ಅವನಿಗೆ ಬೇಕಿರಲಿಲ್ಲ. ಉತ್ತರ ಈಗ ಧಾರಾಳ. ಬೇಕಿದ್ದದ್ದು ಉತ್ತರ ಬರೆದಿಟ್ಟ ಪುಟದ ಆಕಾರ. ನನ್ನ ಹತ್ತಿರ ಎರಡೂ ಸ್ಕ್ಯಾನ್ ಆಗಿ ಇದ್ವು, ಫೇರೂ, ರಫ್ಫೂ. ಬಹಳ ಹೊತ್ತು ಯೋಚನೆ ಮಾಡಿ ರಫ್ಫನ್ನ ಕಳಿಸಿದೆ. ಲಿಂಕ್ಡ್ ಲಿಸ್ಟಿನ ಹದಿನಾಲ್ಕು ಪುಟ, ಹೊಡೆದು ಹಾಕಿದ್ದು, ಬಾಣದ ಗುರುತು, ಎಲ್ಲಾ ಸಮೇತ. ಭಾನುವಾರ ಎಷ್ಟು ಹೊತ್ತಿಗೆ ಬೇಕಾದರೂ ಫೋನ್ ಮಾಡು, ಕೂತು ಬರೆಸ್ತೀನಿ ಅಂದೆ.

"ಇದ್ರಲ್ಲಿ ಔಟ್‌ಪುಟ್ಟೇ ಇಲ್ವಲ್ಲಣ್ಣಾ" ಅಂತ ಮೆಸೇಜು ಬಂತು. ಭಾನುವಾರ ಫೋನ್ ಬರಲಿಲ್ಲ. ಯಾರದೋ ಫೇರ್ ರೆಕಾರ್ಡು ಸಿಕ್ಕಿತಂತೆ, ಸೋಮವಾರ ಸಹಿಯೂ ಆಯ್ತಂತೆ.

ಟೀಮಿನಲ್ಲಿ ಒಬ್ಬ ಗೆಳೆಯನಿಗೆ ಹೇಳಿದರೆ ಅವನು ನೇರವಾಗಿ ಬೈದ. "ನಿಂಗೆ ಕೆಲಸ ಸಿಕ್ಕಿದೆ, ಅದಕ್ಕೇ ನೀತಿ ಬರ್ತಿದೆ. ಅವನಿಗೆ ಆವತ್ತು ಬೇಕಾಗಿದ್ದು ಜ್ಞಾನ ಅಲ್ಲ, ಸಹಿ. ಹಸಿದೋನಿಗೆ ಅಡಿಗೆ ಪುಸ್ತಕ ಕೊಟ್ಟಂಗಾಯ್ತು." ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಹಿ ಇಲ್ಲದಿದ್ದರೆ ಇಂಟರ್ನಲ್ಸ್ ಅಂಕ ಇಲ್ಲ, ಅಂಕ ಇಲ್ಲದಿದ್ದರೆ ಬ್ಯಾಕ್‌ಲಾಗು, ಬ್ಯಾಕ್‌ಲಾಗ್ ಇದ್ದರೆ ಕ್ಯಾಂಪಸ್ಸಿಗೆ ಬಂದ ಕಂಪನಿ ಒಳಗೇ ಬಿಡಲ್ಲ. ಆ ಸರಪಳಿಯಲ್ಲಿ ಒಂದು ಕೊಂಡಿ ನಾನು ಕೊಡಲಿಲ್ಲ. ಆದರೂ ಇನ್ನೊಂದ್ಸಲ ಕೇಳಿದರೆ ನಾನು ರಫ್ಫನ್ನೇ ಕಳಿಸ್ತೀನಿ. ಫೇರ್ ರೆಕಾರ್ಡು ಎಲ್ಲಾ ಕಡೆ ಸಿಗುತ್ತೆ, ಅವನಿಗೂ ಸಿಕ್ಕಿತು. ನನ್ನ ಹತ್ತಿರ ಮಾತ್ರ ಇರೋದನ್ನ ಕೊಡೋದು ನನ್ನ ಪಾಲಿನ ಕೆಲಸ. ಅದು ಅವನಿಗೆ ಬೇಕೋ ಬೇಡವೋ ಅನ್ನೋದು ಅವನ ಪಾಲಿನದು.

ಮೂರು ವಾರ ಆದಮೇಲೆ ಒಂದು ರಾತ್ರಿ ಮತ್ತೆ ಮೆಸೇಜು. "ಅಣ್ಣಾ, 11ನೇ ಪುಟದಲ್ಲಿ ಇಡೀ ಫಂಕ್ಷನ್ನೇ ಅಡ್ಡ ಗೆರೆ ಹೊಡ್ದಿದ್ದೀರಲ್ಲ, ಯಾಕೆ? ಸರಿಯಾಗೇ ಇದೆಯಲ್ಲ?" ತೆಗೆದು ನೋಡಿದೆ. ಸರಿಯಾಗೇ ಇತ್ತು. ಹತ್ತೊಂಬತ್ತರ ಹುಡುಗ ಅದನ್ನ ಯಾಕೆ ಹೊಡೆದು ಹಾಕಿದ ಅಂತ ಮೂವತ್ತೈದರ ನನಗೆ ಹೊಳೆಯಲೇ ಇಲ್ಲ. ಅಕ್ಷರ ನನ್ನದು, ತಲೆ ನನ್ನದಲ್ಲ.

ಜಾನ್ ಲಾಕ್ ಅನ್ನೋ ಇಂಗ್ಲಿಷ್ ತತ್ವಜ್ಞಾನಿ, ಮನುಷ್ಯ ನಿನ್ನೆ ಇದ್ದವನೇ ಇವತ್ತೂ ಅನ್ನೋಕೆ ಆಧಾರ ಅವನ ಪ್ರಜ್ಞೆ, ನೆನಪು ಎಷ್ಟು ಹಿಂದಕ್ಕೆ ಹೋಗುತ್ತೆ ಅನ್ನೋದು ಅಂತ ವಾದಿಸಿದವನು. ಆ ಲೆಕ್ಕದಲ್ಲಿ 11ನೇ ಪುಟ ಬರೆದವನು ನಾನಲ್ಲ. ಮಜಾ ಏನಂದರೆ ಇದೇ ಲಾಕ್ 1686ರಲ್ಲಿ ಇನ್ನೊಂದು ಬರಹವನ್ನೂ ಫ್ರೆಂಚಿನಲ್ಲಿ ಪ್ರಕಟಿಸಿದ್ದ: ಓದಿದ್ದನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬೇಕಾದಾಗ ಹುಡುಕೋದು ಹೇಗೆ ಅಂತ. ವಿಷಯದ ಹೆಸರಿನ ಮೊದಲ ಅಕ್ಷರ, ಆಮೇಲೆ ಬರೋ ಮೊದಲ ಸ್ವರ, ಇವೆರಡನ್ನ ಸೇರಿಸಿ ಸೂಚಿ ಮಾಡು ಅನ್ನೋದು ಅವನ ಉಪಾಯ. ನಮ್ಮ ಕಾಗುಣಿತ ಗೊತ್ತಿದ್ದಿದ್ದರೆ ಪಾಪ ಅಷ್ಟು ಕಷ್ಟ ಪಡಬೇಕಿರಲಿಲ್ಲ, ಕ ಕಾ ಕಿ ಕೀ ಅಂತ ಬರೆದಿದ್ದರೆ ಮುಗೀತಿತ್ತು. ನೆನಪೇ ಮನುಷ್ಯ ಅಂದವನಿಗೆ ನೆನಪಿನ ಮೇಲೆ ನಂಬಿಕೆ ಇರಲಿಲ್ಲ ಅನ್ನೋದು ನನಗೆ ಸಮಾಧಾನದ ವಿಷಯ.

ಬರೆದಿಟ್ಟರೆ ಮರೀತೀವಿ ಅನ್ನೋ ಆಕ್ಷೇಪ ಹಳೇದು. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟೈಪ್ ಮಾಡಿದ್ದನ್ನ ಕಂಪ್ಯೂಟರ್ ಉಳಿಸಿಕೊಳ್ಳುತ್ತೆ ಅಂತ ನಂಬಿದವರು ಅದನ್ನ ಕಮ್ಮಿ ನೆನಪಿಟ್ಟರು, ಅಳಿಸಿ ಹೋಗುತ್ತೆ ಅಂದುಕೊಂಡವರು ಹೆಚ್ಚು ನೆನಪಿಟ್ಟರು. ನೋಡಿದ್ಯಾ, ಇದಕ್ಕೇ ಹೇಳೋದು ಅಂತ ನಮ್ಮ ಹಳೇ ಮೇಷ್ಟ್ರುಗಳು ಮೀಸೆ ತಿರುವಬಹುದು. ಆದರೆ 2015ರಲ್ಲಿ ಬೆಂಜಮಿನ್ ಸ್ಟಾರ್ಮ್, ಶಾನ್ ಸ್ಟೋನ್ ಮಾಡಿದ ಪ್ರಯೋಗ ಇನ್ನೊಂದು ಮಗ್ಗುಲು ತೋರಿಸಿತು. ಒಂದು ಫೈಲಿನಲ್ಲಿದ್ದ ಪದಗಳನ್ನ ಓದಿ, ಅದನ್ನ ಸೇವ್ ಮಾಡಿ, ಆಮೇಲೆ ಎರಡನೇ ಫೈಲು ಓದಿದವರು ಎರಡನೆಯದನ್ನ ಹೆಚ್ಚು ಚೆನ್ನಾಗಿ ಕಲಿತರು. ತಲೆಯ ಭಾರ ಇಳಿಸಿದ್ದರಿಂದ ಹೊಸದಕ್ಕೆ ಜಾಗ ಆಯ್ತು. ಒಂದು ಷರತ್ತು: ಸೇವ್ ಆಗೋದು ಗ್ಯಾರಂಟಿ ಇಲ್ಲ ಅಂತ ಗೊತ್ತಿದ್ದರೆ ಈ ಲಾಭ ಸಿಗಲಿಲ್ಲ.

ಆ ಷರತ್ತು ಮುಖ್ಯ. ಎಲ್ಲೋ ಒಂದು ಕಡೆ ಬಿದ್ದಿರುತ್ತೆ ಅನ್ನೋದು ಇಟ್ಟುಕೊಂಡ ಹಾಗಲ್ಲ. ಈಗ ಓದ್ತಿರೋರು ಎಲ್ಲವನ್ನೂ ಕಾಲೇಜಿನ ಮೇಲ್ ಖಾತೆಯ ಡ್ರೈವಿನಲ್ಲಿ ಹಾಕ್ತಾರೆ. ಶಿಕ್ಷಣ ಸಂಸ್ಥೆಗಳಿಗೆ ಕೊಡ್ತಿದ್ದ ಮಿತಿಯಿಲ್ಲದ ಜಾಗವನ್ನ ನಿಲ್ಲಿಸ್ತೀವಿ ಅಂತ ಗೂಗಲ್ 2021ರಲ್ಲೇ ಹೇಳಿತು. ಓದು ಮುಗಿದ ಮೇಲೆ ಆ ಖಾತೆ ಎಷ್ಟು ದಿನ ಇರುತ್ತೆ ಅನ್ನೋದು ಕಾಲೇಜಿನ ಕೈಯಲ್ಲಿದೆ. ಸ್ವಂತ ಜೀಮೇಲನ್ನೇ ಎರಡು ವರ್ಷ ಮುಟ್ಟದಿದ್ದರೆ ಅಳಿಸಬಹುದು ಅನ್ನೋ ನಿಯಮ ಬಂದಿದೆ. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳೋದು: ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟು ರೆಕ್ಸಿನ್ ಬೈಂಡ್ ಮಾಡಿಸೋ ಗಡಿಬಿಡಿಯಲ್ಲೇ ಒಂದು ಭಾನುವಾರ ಇದಕ್ಕೂ ಇಡಿ. ಸೆಮಿಸ್ಟರಿಗೊಂದು ಫೋಲ್ಡರು, ಅದರೊಳಗೆ ಸಬ್ಜೆಕ್ಟು. ಫೈಲಿನ ಹೆಸರಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ತಾನಾಗೇ ಸಾಲಾಗಿ ನಿಲ್ಲುತ್ತೆ. ಫೈನಲ್, ಫೈನಲ್2, ನಿಜವಾದ ಫೈನಲ್ ಅನ್ನೋ ಹೆಸರು ಬೇಡ. ಮೂರು ಪ್ರತಿ ಇರಲಿ, ಮೂರೂ ಒಂದೇ ಬ್ಯಾಗಿನಲ್ಲಿ ಬೇಡ. ಸಿಲಬಸ್ ಪುಸ್ತಕ ಮರೀಬೇಡಿ, ಹೊರದೇಶಕ್ಕೆ ಎಂಎಸ್‌ಗೆ ಹೋಗೋರಿಗೆ ಯಾವ ಸಬ್ಜೆಕ್ಟಲ್ಲಿ ಏನು ಓದಿದ್ರಿ ಅಂತ ಕೇಳಿದಾಗ ಬೇಕಾಗುತ್ತೆ. ಪ್ರತಿ ಫೋಲ್ಡರಿನಲ್ಲೂ ಒಂದು ಪುಟ್ಟ ಟೆಕ್ಸ್ಟ್ ಫೈಲು: ಇದರಲ್ಲಿ ನನಗೆ ಅರ್ಥ ಆಗದೆ ಉಳಿದದ್ದು ಏನು, ಯಾರ ನೋಟ್ಸ್ ನೋಡಿ ಕಲಿತೆ. ಎರಡನೆಯದನ್ನ ಬಿಡಬೇಡಿ. ಆ ಹುಡುಗಿಯ ಹೆಸರನ್ನ ನನ್ನ ಮೂರು ಫೋಲ್ಡರಿನಲ್ಲಿ ಬರೆದಿಟ್ಟಿದ್ದೀನಿ.

ನನ್ನ ಗೋಣಿಚೀಲದ್ದು ಬಹುತೇಕ ಸ್ಕ್ಯಾನ್ ಆಗಿದೆ. ಐದನೇ ಸೆಮಿಸ್ಟರಿನ ಒಂದು ನೋಟ್‌ಬುಕ್ ಮಾತ್ರ ಹೊರಗಿದೆ. ಡಿಬಿಎಂಎಸ್‌ನದು. ಅರ್ಧ ಪುಸ್ತಕ ಖಾಲಿ ಇತ್ತಂತ, ಅಮ್ಮ ಹಿಂದಿನಿಂದ ಶುರು ಮಾಡಿ ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆದಿದ್ದಾಳೆ. ತಾರೀಖು, ಬೆಳಿಗ್ಗೆ ಎಷ್ಟು ಲೀಟರು, ಸಾಯಂಕಾಲ ಎಷ್ಟು, ಫ್ಯಾಟು ಎಷ್ಟು ಬಂತು. ನಾನು ಟೇಬಲ್, ರೋ, ಕಾಲಮ್ಮು ಅಂತ ಬರೆದ ಪುಟಗಳು ಮುಂದೆ, ಅವಳು ಗೆರೆ ಎಳೆದು ಮಾಡಿದ ನಿಜವಾದ ಟೇಬಲ್ಲು ಹಿಂದೆ. ಹಬ್ಬಕ್ಕೆ ಊರಿಗೆ ಹೋದಾಗ ಸ್ಕ್ಯಾನ್ ಮಾಡ್ಕೊಂತೀನಿ ಕೊಡಮ್ಮ ಅಂದರೆ, "ಇರಪ್ಪ, ಈ ತಿಂಗಳ ಬಟವಾಡೆ ಆಗ್ಲಿ" ಅಂದಳು.